ಕಲ್ಹಟ್ಟಿ ಘಟ್ಟದಲ್ಲಿ ಮೋಟಾರಿಗೆ ಎತ್ತು ಹೂಡಿದ ಕಾಲ

ಏರು ಇರುವ ಕಡೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಸಮತಟ್ಟು ನೆಲದ ಜನಕ್ಕೆ ಆ ಭಾಗ್ಯವಿಲ್ಲ. ನಾನೂ ಗುಂಡ್ಲುಪೇಟೆ ಕಡೆಯ ಸಮತಟ್ಟು ನೆಲದಲ್ಲಿ ಹುಟ್ಟಿದವಳೇ. ಮದುವೆಯಾಗಿ ಊಟಿ ಬೆಟ್ಟದ ಬುಡದ ಮಾವನಲ್ಲ ಅನ್ನುವ ಊರಿಗೆ ಬಂದ ಮೇಲೆ ಈ ಸತ್ಯ ತಿಳಿಯಿತು. ನಮ್ಮ ಮನೆ ಇದ್ದದ್ದು ಊರಾಚೆ, ಕಲ್ಹಟ್ಟಿ ಘಟ್ಟ ಶುರುವಾಗುವ ಜಾಗದಲ್ಲಿ, ರಸ್ತೆಗೆ ತಾಗಿಕೊಂಡು. ನಮ್ಮ ಜಗಲಿಯವರೆಗೆ ಸಾಧುವಾಗಿ ಬಂದ ರಸ್ತೆ ಅಲ್ಲಿಂದ ಮುಂದಕ್ಕೆ ಗೋಡೆಗೆ ಒರಗಿಸಿದ ಏಣಿಯ ಹಾಗೆ ಎದ್ದು ನಿಲ್ಲುತ್ತಿತ್ತು.

ಮೋಟಾರು ಇನ್ನೂ ಹೊಸದಾಗಿದ್ದ ಕಾಲ ಅದು. ಮೈಸೂರಿನಿಂದ ಊಟಿ ನೋಡಲು ಬರುವವರಿಗೆ ಎರಡು ದಾರಿ. ಒಂದು ಗೂಡಲೂರಿನ ಮೇಲೆ, ಸುತ್ತು, ಆದರೆ ನಿಧಾನವಾಗಿ ಏರುವಂಥದ್ದು. ಇನ್ನೊಂದು ನಮ್ಮ ಘಟ್ಟ. ಹತ್ತಿರ, ಆದರೆ ಕಡಿದು. ಬುದ್ಧಿವಂತರು ಗೂಡಲೂರಿನ ಮೇಲೆ ಹೋಗುತ್ತಿದ್ದರು. ಅತಿಬುದ್ಧಿವಂತರು ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ನಮ್ಮ ಸಂಸಾರ ನಡೆದದ್ದು ಅತಿಬುದ್ಧಿವಂತರ ದಯೆಯಿಂದ.

ಸಂಸಾರ ಅಂದರೆ ನಮ್ಮೆಜಮಾನರು, ಅವರ ತಾಯಿ, ನಾನು, ಮತ್ತೆ ಎರಡು ಎತ್ತು. ಎತ್ತುಗಳ ಹೆಸರು ಮಲ್ಲ, ಜವರ. ಹಳ್ಳಿಕಾರ್ ತಳಿಯ ಜೋಡಿ, ಹತ್ತಲಾರದೆ ನಿಂತ ಮೋಟಾರುಗಳನ್ನು ಘಟ್ಟದ ಮೇಲಕ್ಕೆ ಎಳೆಯುವುದು ಅವುಗಳ ಉದ್ಯೋಗ. ನಾನು ಜಗಲಿಯ ಮೇಲೆ ಕಾಫಿ ಮಾರುತ್ತಿದ್ದೆ. ಯಜಮಾನರು ನಿಂತ ಮೋಟಾರಿನ ಕಡೆ ತಾವಾಗಿ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. “ಕರೆಯದೆ ಹೋದರೆ ಎತ್ತಿಗೆ ಅವಮಾನ” ಅನ್ನುತ್ತಿದ್ದರು.

ಇಪ್ಪತ್ತು ಕುದುರೆ

ನಾನು ಬಂದ ಹೊಸದರಲ್ಲಿ ಮೈಸೂರಿನ ವಕೀಲರೊಬ್ಬರು ಫಳಫಳ ಹೊಳೆಯುವ ಮೋಟಾರಿನಲ್ಲಿ ಬಂದರು. ಪಕ್ಕದಲ್ಲಿ ಹೆಂಡತಿ, ಹಿಂದೆ ಹೆಂಡತಿಯ ತಂದೆ. ಮಾವನಿಗೆ ಊಟಿ ತೋರಿಸಿ ಸಂಜೆಗೆ ವಾಪಸು ಕರೆದುಕೊಂಡು ಹೋಗುವ ಉದ್ದೇಶ. ಕಾಫಿ ಕುಡಿದು ಲೋಟ ಇಡುತ್ತ ವಕೀಲರು ನಮ್ಮೆಜಮಾನರನ್ನು ಕೇಳಿದರು.

“ಏನಪ್ಪಾ, ಎತ್ತು ಕಟ್ಟಿಕೊಂಡು ಕಾಯ್ತಾ ಕೂತಿದ್ದೀಯ? ಇದಕ್ಕೆ ಇಪ್ಪತ್ತು ಕುದುರೆ ಶಕ್ತಿ, ಗೊತ್ತಾ?”

“ಒಳ್ಳೇದು ಸ್ವಾಮಿ. ಹೋಗಿ ಬನ್ನಿ” ಅಂದರು ಇವರು.

ಮೋಟಾರು ಗುಡುಗುತ್ತ ಹೋಯಿತು. ಮೊದಲ ತಿರುವು ದಾಟಿತು. ಗುಡುಗು ಹೋಗಿ ಕೆಮ್ಮಾಯಿತು, ಕೆಮ್ಮು ಹೋಗಿ ನಿಟ್ಟುಸಿರಾಯಿತು. ಆಮೇಲೆ ಮೋಟಾರು ಹಿಂದುಹಿಂದಕ್ಕೇ ಉರುಳಿಕೊಂಡು ಬಂದು ನಮ್ಮ ಜಗಲಿಯ ಮುಂದೆ ನಿಂತಿತು. ವಕೀಲರು ಬೆವರು ಒರೆಸಿಕೊಂಡು ಮತ್ತೆ ಹೊರಟರು. ಮತ್ತೆ ಬಂದರು. ಇನ್ನೂ ಒಂದು ಸಲ ಹೊರಟರು. ಈ ಸಲ ವಾಪಸು ಬಂದಾಗ ಹಿಂದೆ ಕೂತಿದ್ದ ಮಾವನವರು ಇಳಿದು, ನಮ್ಮ ಮನೆಯನ್ನು ಮೇಲಿಂದ ಕೆಳಗೆ ನೋಡಿ ಅಂದರು, “ಅಳಿಯಂದಿರೇ, ಯಾವಾಗ ಹೊರಟರೂ ಇದೇ ಮನೆ ಬರುತ್ತಲ್ಲ. ಊಟಿ ಇದೇ ಏನು?”

ವಕೀಲರು ಕೊನೆಗೆ ಕಣ್ಸನ್ನೆಯಲ್ಲೇ ನಮ್ಮೆಜಮಾನರನ್ನು ಕರೆದರು. ಇವರು ಹಗ್ಗ ತಂದರು. ಅಷ್ಟರಲ್ಲಿ ನಮ್ಮತ್ತೆ ಬಂದು ಮೋಟಾರಿನ ಮೂತಿಯ ಹತ್ತಿರ ಬಗ್ಗಿ, ಕಿವಿಗೊಟ್ಟು ಕೇಳಿದರು.

“ಇಪ್ಪತ್ತು ಕುದುರೆನೂ ಇದರೊಳಗೇ ಇವೆಯಾ ಸ್ವಾಮಿ?”

“ಹೌದಜ್ಜಿ” ಅಂದರು ವಕೀಲರು, ದನಿಯೇ ಇಲ್ಲದೆ.

“ಅದೇ ಮತ್ತೆ! ಕತ್ತಲೆಯಲ್ಲಿ ಕೂಡಿಹಾಕಿದರೆ ಅವು ಎಲ್ಲಿಂದ ಎಳೀಬೇಕು? ಹೊರಗೆ ಕಟ್ಟಬೇಕು ಸ್ವಾಮಿ. ನಮ್ಮವು ಎರಡೇ. ಆದರೆ ಹೊರಗಿವೆ.”

ಬಂಡೆ ನೋಡಿದ ಪುಣ್ಯ

ಘಟ್ಟದ ನಡುವೆ ಕಲ್ಹಟ್ಟಿಯ ಜಲಪಾತವಿದೆ. ಊಟಿಗೆ ಬಂದವರು ಬುತ್ತಿ ಕಟ್ಟಿಕೊಂಡು ಅದನ್ನು ನೋಡಲು ಇಳಿದು ಬರುವುದುಂಟು, ಕೆಳಗಿನವರು ಹತ್ತಿ ಹೋಗುವುದುಂಟು. ನಮ್ಮೆಜಮಾನರಿಗೆ ಒಂದು ದೌರ್ಬಲ್ಯ: ಘಟ್ಟದ ಬಗ್ಗೆ ಯಾರು ಏನು ಕೇಳಿದರೂ ಹೊಗಳಿಕೆ ಬಿಟ್ಟು ಬೇರೆ ಮಾತು ಬಾಯಿಗೆ ಬರುತ್ತಿರಲಿಲ್ಲ.

ಒಂದು ಬಿರುಬೇಸಗೆಯಲ್ಲಿ ಬೆಂಗಳೂರಿನ ಮೇಷ್ಟರೊಬ್ಬರು ಹೆಂಡತಿ ಮಕ್ಕಳು, ನಾದಿನಿಯರು, ಉಪ್ಪಿನಕಾಯಿ ಭರಣಿ ಸಮೇತ ಬಂದಿಳಿದರು.

“ಜಲಪಾತ ಚೆನ್ನಾಗಿದೆಯಾ?” ಅಂತ ಕೇಳಿದರು.

“ಅಂಥದ್ದು ನಿಮ್ಮ ಮೈಸೂರು ಸೀಮೆಯಲ್ಲೇ ಇಲ್ಲ” ಅಂದರು ಇವರು.

ಇವರ ಲೆಕ್ಕದಲ್ಲಿ ಸುಳ್ಳೇನಲ್ಲ. ಆದರೆ ನೀರಿದೆಯಾ ಅಂತ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಸಂಸಾರವೆಲ್ಲ ಬಿಸಿಲಲ್ಲಿ ಹತ್ತಿ ಹೋಯಿತು. ಮಧ್ಯಾಹ್ನದ ಮೇಲೆ ಕೆಂಡದಂಥ ಮುಖ ಹೊತ್ತು ಇಳಿದು ಬಂತು. ದೂರದಿಂದಲೇ ಅದನ್ನು ಕಂಡು ಯಜಮಾನರು ಕೊಟ್ಟಿಗೆ ಸೇರಿಕೊಂಡರು. ಜಗಲಿಯಲ್ಲಿ ಸಿಕ್ಕಿದ್ದು ನಮ್ಮತ್ತೆ.

“ಏನಮ್ಮಾ ಇದು ಅನ್ಯಾಯ? ಒಂದು ತೊಟ್ಟು ನೀರಿಲ್ಲ! ಬರೀ ಬಂಡೆ!”

ನಮ್ಮತ್ತೆ ಒಂದು ಚೂರೂ ಅಳುಕಲಿಲ್ಲ. “ಕೂತ್ಕೊಳ್ಳಿ ಸ್ವಾಮಿ. ಎಲ್ಲರೂ ಮಳೆಗಾಲದಲ್ಲಿ ಬರ್ತಾರೆ, ನೀರು ನೋಡ್ತಾರೆ, ಹೋಗ್ತಾರೆ. ನೀರಿನ ಹಿಂದೆ ಇರೋ ಬಂಡೆ ನೋಡೋ ಪುಣ್ಯ ಎಷ್ಟು ಜನಕ್ಕೆ ಬರುತ್ತೆ? ನಿಮ್ಮ ಹಣೆಯಲ್ಲಿ ಬರೆದಿತ್ತು, ನೋಡಿದ್ರಿ.”

ಮೇಷ್ಟರು ನಗಲೋ ಅಳಲೋ ತಿಳಿಯದೆ ಕಾಫಿ ಕುಡಿದು ಹೋದರು. ಆದರೆ ಮನುಷ್ಯ ರಸಿಕ. ಮುಂದಿನ ಮಳೆಗಾಲ ಕಳೆಯುತ್ತಲೇ ಮತ್ತೆ ಬಂದರು. ಜಲಪಾತ ಆಗ ಬೆಟ್ಟವೆಲ್ಲ ಕೇಳುವ ಹಾಗೆ ಬೊಬ್ಬಿಡುತ್ತಿತ್ತು. ನೋಡಿಕೊಂಡು ಇಳಿದು ಬಂದವರು ಮುಖ ಬಿಗಿದುಕೊಂಡು ನಮ್ಮತ್ತೆಯ ಮುಂದೆ ನಿಂತರು.

“ಅಜ್ಜಿ, ಈ ಸಲ ಪೂರಾ ಮೋಸವಾಯಿತು. ಬಂಡೆ ಕಾಣಲೇ ಇಲ್ಲ.”

ಮದುವೆಯ ಕೋಟು

ಒಮ್ಮೆ ಊಟಿಯಿಂದ ದಿನದ ಸವಾರಿಗೆ ದೊರೆಸಾನಿಯೊಬ್ಬಳು ಇಳಿದು ಬಂದಳು, ಘಟ್ಟದ ಚಿತ್ರ ಬರೆಯುವವಳು. ಜೊತೆಯಲ್ಲಿ ಒಬ್ಬ ಬಟ್ಲರ್. ಅವನಿಗೆ ತಮಿಳು ಸಲೀಸು, ಕನ್ನಡ ಅರ್ಧಂಬರ್ಧ. ಅವಳಿಗೆ ನಮ್ಮ ಎತ್ತುಗಳು ಹಿಡಿಸಿಬಿಟ್ಟವು. ಎತ್ತು, ಎತ್ತಿನ ಪಕ್ಕ ಯಜಮಾನ, ಹಿಂದೆ ಬೆಟ್ಟ, ಹೀಗೆ ಬರೆಯುತ್ತಾಳಂತೆ ಅಂತ ಬಟ್ಲರ್ ಹೇಳಿದ.

ಇವರು ಒಳಗೆ ಓಡಿ, ಪೆಟ್ಟಿಗೆ ತೆಗೆದು, ಮದುವೆಯ ಕರಿ ಕೋಟು ಹಾಕಿಕೊಂಡು, ಜರಿ ಪೇಟ ಸುತ್ತಿಕೊಂಡು ಬಂದರು. ದೊರೆಸಾನಿ ಕೈಯಲ್ಲಿದ್ದ ಕುಂಚ ಕೆಳಗಿಟ್ಟಳು.

“ಕೋಟು ಬೇಡವಂತೆ ಅಣ್ಣಾ” ಅಂದ ಬಟ್ಲರ್. “ದಿನಾ ಇರೋ ಹಾಗೇ ಇರಬೇಕಂತೆ. ಮೈಮೇಲೆ ಬರೀ ಕಂಬಳಿ ಸಾಕಂತೆ.”

“ದಿನಾ ಇರೋ ಹಾಗೆ ನೋಡೋದಕ್ಕೆ ಚಿತ್ರ ಯಾಕೆ ಬೇಕು?” ಅಂದರು ಇವರು. “ವಿಲಾಯತಿಯಲ್ಲಿ ನಾಲ್ಕು ಜನ ನೋಡೋದು. ಮಾವನಲ್ಲದಲ್ಲಿ ಬಟ್ಟೆಗೆ ಗತಿಯಿಲ್ಲ ಅಂದುಕೊಳ್ಳಬೇಕಾ? ಕೋಟು ಬಿಚ್ಚಲ್ಲ ಅಂತ ಹೇಳು.”

ಬಟ್ಲರ್ ಹೇಳಿದ. ದೊರೆಸಾನಿ ಏನೋ ಅಂದಳು. ಇವರು ಎತ್ತಿನ ಹಗ್ಗ ಹಿಡಿದು ಕೊಟ್ಟಿಗೆ ಕಡೆ ತಿರುಗಿದರು. ಎತ್ತು ಹೋದರೆ ಚಿತ್ರವೇ ಇಲ್ಲ. ಕೊನೆಗೆ ರಾಜಿಯಾಯಿತು. ಕೋಟು ಇರಲಿ, ಆದರೆ ಯಜಮಾನರು ಬೆಟ್ಟದ ಕಡೆ ಮುಖ ಮಾಡಿ, ಬೆನ್ನು ಕಾಣುವಂತೆ ನಿಲ್ಲಬೇಕು. ಇವರು ಒಪ್ಪಿದರು. ಬೆಟ್ಟ ನೋಡುತ್ತ ಎಷ್ಟು ಹೊತ್ತು ಬೇಕಾದರೂ ನಿಲ್ಲುವ ಜೀವ ಅದು.

ಮಧ್ಯಾಹ್ನ ಮುಗಿಯುವ ಹೊತ್ತಿಗೆ ಚಿತ್ರ ಮುಗಿಯಿತು. ನಾವೆಲ್ಲ ಹೋಗಿ ನೋಡಿದೆವು. ಮಲ್ಲ, ಜವರ ಈಗ ಉಸಿರು ಬಿಡುತ್ತವೇನೋ ಅನ್ನುವ ಹಾಗಿದ್ದವು. ಯಜಮಾನರ ಬೆನ್ನೂ ಅಚ್ಚುಕಟ್ಟಾಗಿ ಬಂದಿತ್ತು. ಆದರೆ ಆ ಕೋಟಿನ ಬೆನ್ನನ್ನು ಹಿಂದಿನ ವರ್ಷ ಇಲಿ ಕಡಿದಿತ್ತು. ಕರಿ ಬಟ್ಟೆ ಸಿಕ್ಕದೆ ನಾನು ನನ್ನ ಹಸಿರು ರವಿಕೆಯ ತುಂಡನ್ನು ತೇಪೆ ಹಾಕಿದ್ದೆ. ದೊರೆಸಾನಿ ಅದೊಂದನ್ನೂ ಬಿಟ್ಟಿರಲಿಲ್ಲ. ತೇಪೆಯೂ ಇತ್ತು, ಸುತ್ತಲಿನ ಒಂದೊಂದು ಹೊಲಿಗೆಯೂ ಎಣಿಸುವ ಹಾಗಿತ್ತು.

ಇವರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೇನೂ ಬೇಸರವಾಗಲಿಲ್ಲ. ಮಾವನಲ್ಲದ ಎಷ್ಟು ಹೆಂಗಸರ ಹೊಲಿಗೆ ವಿಲಾಯತಿಯ ಗೋಡೆ ಮೇಲೆ ತೂಗುತ್ತಿದೆ, ಹೇಳಿ ನೋಡೋಣ.

ದಾರಿಯಲ್ಲಿ ಬಿದ್ದ ಹಗ್ಗ

ನಗುವ ಮಾತು ಅಂತ ಈಗ ಹೇಳುತ್ತೇನೆ. ಆಗ ನಮಗೆ ಎದೆ ಒಡೆದಿತ್ತು.

ಊಟಿಯ ಒಬ್ಬರು ಹೊಸ ಬಸ್ಸು ತಂದರು. ಅವರನ್ನು ಎಲ್ಲರೂ ಮುದಲಾಳಿ ಅನ್ನುತ್ತಿದ್ದರು, ಅಂದರೆ ಬಂಡವಾಳದ ಒಡೆಯ. ಬೆಳಿಗ್ಗೆ ಊಟಿಯಿಂದ ಇಳಿದು, ಮಸಿನಗುಡಿಯ ಕಾಡಲ್ಲಿ ಆನೆ ತೋರಿಸಿ, ಸಂಜೆಗೆ ಮತ್ತೆ ಊಟಿ ಮುಟ್ಟಿಸುವುದು ಅವರ ಯೋಜನೆ. ಮೊದಲ ದಿನ ಬಸ್ಸಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ಬಂದು ನಮ್ಮ ಮನೆ ಮುಂದೆ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು.

“ಎತ್ತುಗಳನ್ನ ಇನ್ನು ಉಳುಮೆಗೆ ಕಟ್ಟಿಕೋ ಅಣ್ಣಾ. ಘಟ್ಟ ಇನ್ನು ನಮ್ಮದು.”

ಬಸ್ಸು ಕಾಡಿನ ಕಡೆ ಹೋಯಿತು. ನಮ್ಮೆಜಮಾನರು ಆ ದಿನ ಮುದ್ದೆ ಮುಟ್ಟಲಿಲ್ಲ. ಎತ್ತುಗಳ ಮೈ ತಿಕ್ಕುತ್ತ ಕೊಟ್ಟಿಗೆಯಲ್ಲೇ ಕೂತರು. ಬಸ್ಸು ಹತ್ತಿಬಿಟ್ಟರೆ ನಾಳೆ ಎಲ್ಲರೂ ಅಂಥದ್ದನ್ನೇ ತರುತ್ತಾರೆ. ಆಮೇಲೆ ನಮ್ಮನ್ನು ಕರೆಯುವವರು ಯಾರು?

ಸಂಜೆ ಬಸ್ಸು ವಾಪಸು ಬಂತು. “ಆನೆ ಸಿಕ್ಕಿತಾ?” ಅಂತ ಕೇಳಿದೆ. “ಲದ್ದಿ ಸಿಕ್ಕಿತು” ಅಂದ ಒಬ್ಬ ಪ್ರಯಾಣಿಕ. ಬಸ್ಸು ಘಟ್ಟ ಏರತೊಡಗಿತು. ಎರಡನೆಯ ತಿರುವಿನಲ್ಲಿ, ನಮ್ಮ ಜಗಲಿಗೆ ಕಾಣುವ ಹಾಗೆ, ನಿಂತಿತು. ಎಲ್ಲರೂ ಇಳಿದು ನೂಕಿದರು. ಅದು ಕದಲಲಿಲ್ಲ.

ಈಗ ನೋಡಿ ಮಜಾ. ಮುದಲಾಳಿ ಒಂದು ಕಲ್ಲಿನ ಮೇಲೆ ಕೂತರು, ಕೆಳಗೆ ನೋಡಲಿಲ್ಲ. ನಮ್ಮೆಜಮಾನರು ಜಗಲಿಯ ಮೇಲೆ ಕೂತರು, ಮೇಲೆ ನೋಡಲಿಲ್ಲ. ನಾನು ಕಾಫಿ ಹೊತ್ತು ಮೇಲೆ ಹೋದೆ.

“ನಿಮ್ಮ ಯಜಮಾನ ಬಂದರೆ ನಾನೇನೂ ಬೇಡ ಅನ್ನಲ್ಲ” ಅಂದರು ಮುದಲಾಳಿ.

ಕೆಳಗೆ ಬಂದು ಹೇಳಿದೆ.

“ಅವರು ಕರೆದರೆ ನಾನೇನೂ ಬರಲ್ಲ ಅನ್ನಲ್ಲ” ಅಂದರು ಇವರು.

ಮತ್ತೆ ಮೇಲೆ, ಮತ್ತೆ ಕೆಳಗೆ. ಆ ಸಂಜೆ ಘಟ್ಟ ಹತ್ತಿ ಇಳಿದದ್ದು ನಾನೊಬ್ಬಳೇ. ಹೊತ್ತು ಮುಳುಗುತ್ತ ಬಂತು. ಮಂಜು ಇಳಿಯಿತು, ಕೂಸುಗಳು ಅಳತೊಡಗಿದವು. ಹಗಲೆಲ್ಲ ಆನೆ ಬೇಕು ಅಂದಿದ್ದವರು ಈಗ ಆನೆ ಬರದಿರಲಿ ಅಂತ ದೇವರಿಗೆ ಕೈಮುಗಿಯುತ್ತಿದ್ದರು.

ಬಸ್ಸಿನಲ್ಲಿ ಕೋತಗಿರಿ ಕಡೆಯ, ಬೆಟ್ಟದ ಮೇಲಿನ ಬಡಗರ ಕುಲದ ಹಿರಿಯರೊಬ್ಬರಿದ್ದರು, ಬಿಳಿ ರುಮಾಲು, ಮೈತುಂಬ ಬಿಳಿ ಹೊದಿಕೆ. ಅವರ ಮಾತು ನಮ್ಮ ಕನ್ನಡಕ್ಕೆ ಅಕ್ಕತಂಗಿಯಂತಿರುವುದರಿಂದ ತೊಡಕಿಲ್ಲದೆ ತಿಳಿಯುತ್ತಿತ್ತು. ನನ್ನ ಜೊತೆ ಇಳಿದು ಬಂದು ನಮ್ಮೆಜಮಾನರನ್ನು ಕೇಳಿದರು.

“ತಮ್ಮಾ, ಸಂಜೆ ಹೊತ್ತು ಎತ್ತಿಗೆ ಕಾಲಾಡಿಸೋದು ಒಳ್ಳೇದಲ್ಲವಾ?”

“ಒಳ್ಳೇದೇ.”

“ಹಾಗಾದರೆ ಮೇಲುಗಡೆಗೆ ಕಾಲಾಡಿಸು. ನೊಗಕ್ಕೆ ಕಟ್ಟಿದ ಹಗ್ಗ ಹಿಂದೆ ಇಳಿಬಿದ್ದಿರಲಿ, ಸುತ್ತಿಡೋ ಶ್ರಮ ಯಾಕೆ?”

ಇವರು ಎದ್ದರು. ಎತ್ತುಗಳು ಬಸ್ಸನ್ನು ದಾಟಿ ಮುಂದೆ ಹೋಗಿ ಮೇಯುವಂತೆ ನಿಂತವು. ಹಿರಿಯರು ಮುದಲಾಳಿಯ ಹತ್ತಿರ ಹೋದರು.

“ಅಯ್ಯಾ, ಯಾರದೋ ಹಗ್ಗ ದಾರಿಯಲ್ಲಿ ಬಿದ್ದಿದೆ. ಕಳೆದುಹೋದೀತು. ನಿಮ್ಮ ಬಸ್ಸಿಗೆ ಭದ್ರವಾಗಿ ಕಟ್ಟಿಡಿ.”

ಮುದಲಾಳಿ ಹಿರಿಯರ ಮುಖ ನೋಡಿದರು. ಹಗ್ಗ ನೋಡಿದರು. ಎದ್ದು ಹೋಗಿ ಗಟ್ಟಿಯಾಗಿ ಕಟ್ಟಿದರು. ಮಲ್ಲ, ಜವರ ಕುತ್ತಿಗೆ ತಗ್ಗಿಸಿದವು, ಜನ ಹಿಂದಿನಿಂದ ನೂಕಿದರು, ಬಸ್ಸು ಎದ್ದು ಹೊರಟಿತು. ಘಟ್ಟದ ನೆತ್ತಿಯಲ್ಲಿ ಮುದಲಾಳಿ ಹಗ್ಗ ಬಿಚ್ಚಿ, “ಇದು ನಿಮ್ಮದಾ ನೋಡಿ” ಅಂತ ಇವರ ಕೈಗೆ ಕೊಟ್ಟರಂತೆ.

ಆ ಬಸ್ಸು ಓಡುವಷ್ಟು ಕಾಲವೂ ಸಂಜೆಯಾದರೆ ನಮ್ಮ ಹಗ್ಗ ದಾರಿಯಲ್ಲಿ ಬಿದ್ದಿರುತ್ತಿತ್ತು. ಒಂದು ದಿನವೂ ತಪ್ಪದೆ ಮುದಲಾಳಿ ಅದನ್ನು ಎತ್ತಿ ಜೋಪಾನ ಮಾಡಿ ಮೇಲೆ ತಲುಪಿಸುತ್ತಿದ್ದರು. ಎಂಥ ಪ್ರಾಮಾಣಿಕ ಮನುಷ್ಯ!

ಅತ್ತೆಯ ಸವಾರಿ

ಕೆಲವು ವರ್ಷ ಕಳೆದವು. ನಮ್ಮತ್ತೆಗೆ ಕಣ್ಣಿಗೆ ಪೊರೆ ಬಂತು. ಮೊದಲು ದೂರದ ಬೆಟ್ಟ ಹೋಯಿತು, ಆಮೇಲೆ ರಸ್ತೆ, ಆಮೇಲೆ ನಮ್ಮ ಮುಖಗಳು.

ಪ್ರತಿ ಬೇಸಗೆಯಲ್ಲಿ ಊಟಿಗೆ ಹೋಗುವ ಮೈಸೂರಿನ ನಿವೃತ್ತ ಜಡ್ಜು ಸಾಹೇಬರೊಬ್ಬರು ನಮಗೆ ಹಳೆಯ ಪರಿಚಯ. ಅವರ ಹಳೆಯ ಮೋಟಾರನ್ನು ಮಲ್ಲ, ಜವರ ಎಷ್ಟೋ ಸಲ ಎಳೆದಿದ್ದವು. ಆ ವರ್ಷ ಗಟ್ಟಿಮುಟ್ಟಾದ ಹೊಸದರಲ್ಲಿ ಬಂದಿದ್ದರು. ಅತ್ತೆಯ ಅವಸ್ಥೆ ನೋಡಿ, “ಊಟಿಯ ಆಸ್ಪತ್ರೆಯಲ್ಲಿ ಪೊರೆ ತೆಗೀತಾರೆ ಅಜ್ಜಿ. ಈಗಲೇ ನನ್ನ ಮೋಟಾರಿನಲ್ಲಿ ಹೊರಡಿ” ಅಂದರು.

“ಎತ್ತಿಲ್ಲದ ಗಾಡಿ ನಾನು ಹತ್ತಲ್ಲ.”

“ಅಜ್ಜಿ, ಇದು ಘಟ್ಟ ಹತ್ತುತ್ತೆ. ಎತ್ತು ಬೇಕಾಗಿಲ್ಲ.”

“ಇಲ್ಲಿಗೆ ಬರೋರೆಲ್ಲ ಹಾಗೇ ಅಂದಿದ್ದಾರೆ ಸ್ವಾಮಿ.”

ಯಜಮಾನರು ಬೇಡಿಕೊಂಡರು. ಕೊನೆಗೆ ಅತ್ತೆ ಒಂದು ಷರತ್ತಿನ ಮೇಲೆ ಒಪ್ಪಿದರು: ಎತ್ತು ಮುಂದಿರಬೇಕು, ಮೋಟಾರು ಬೇಕಾದರೆ ಹಿಂದೆ ಬರಲಿ. ನಾನು ಅತ್ತೆಯ ತಲೆ ಬಾಚುವಾಗ ಅವರ ಕೈ ನನ್ನ ಮೊಣಕೈ ಹುಡುಕಿಕೊಂಡು ಬಂತು. “ಕಣ್ಣಿನ ಕಟ್ಟು ಬಿಚ್ಚಿದ ಮೇಲೂ ಕತ್ತಲೆಯೇ ಇದ್ದರೆ ಏನೇ ಮಾಡೋದು?” ಅಂದರು. ಷರತ್ತಿನ ಗುಟ್ಟು ಆಗ ನನಗೆ ತಿಳಿಯಿತು. ಹೆದರಿದವರಿಗೆ ತಮ್ಮದು ಅನ್ನುವುದೊಂದು ಮುಂದಿರಬೇಕು.

ಎತ್ತು ಹೂಡಿದೆವು. ಯಜಮಾನರು ಎತ್ತಿನ ಪಕ್ಕ ನಡೆದರು. ಅತ್ತೆ, ನಾನು, ಸಾಹೇಬರು ಮೋಟಾರಿನಲ್ಲಿ. ಡ್ರೈವರ್ ಪಾಪದವನು; ಎತ್ತುಗಳಿಗೆ ಯಾಕೆ ಸುಮ್ಮನೆ ಶ್ರಮ ಅಂತ ಎಂಜಿನನ್ನೂ ಮೆಲ್ಲಗೆ ಓಡಿಸುತ್ತಿದ್ದ. ಹಗ್ಗ ಸಡಿಲವಾಗಿ ನೆಲ ಗುಡಿಸುತ್ತಿತ್ತು. ಮಲ್ಲ, ಜವರ ಮದುವೆಗೆ ಹೊರಟ ಬೀಗರ ಹಾಗೆ ಕೈಬೀಸಿಕೊಂಡು ನಡೆಯುತ್ತಿದ್ದವು.

“ನೋಡಿದ್ಯೇನೇ, ನಮ್ಮವು ಎಷ್ಟು ಹಗುರವಾಗಿ ಎಳೀತವೆ!” ಅಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, “ಅದೇನಪ್ಪಾ ಗುರುಗುರು ಶಬ್ದ?”

“ಮೋಟಾರು ಗೊರಕೆ ಹೊಡೀತಿದೆ ಅಜ್ಜಿ” ಅಂದ ಡ್ರೈವರ್.

“ಹೊಡೀಲಿ ಬಿಡು. ಎಳೆಯೋರು ಎಚ್ಚರವಾಗಿದ್ದಾರಲ್ಲ.”

ಘಟ್ಟ ಮುಗಿಯಿತು. ಇನ್ನು ಊಟಿಯವರೆಗೆ ಅಂಥ ಕಷ್ಟದ ಏರಿಲ್ಲ. ಎತ್ತು ಬಿಚ್ಚೋಣವೇ ಅಂತ ಕೇಳಿದರೆ, “ಅವು ಇಳಿದರೆ ನಾನೂ ಇಳೀತೀನಿ” ಅಂದರು ಅತ್ತೆ. ಹಾಗಾಗಿ ಯಾವ ರೋಗವೂ ಇಲ್ಲದ ಹೊಚ್ಚಹೊಸ ಮೋಟಾರು, ಎರಡು ಎತ್ತುಗಳ ಹಿಂದೆ, ಹಾಡಹಗಲಿನಲ್ಲಿ ಊಟಿ ಪೇಟೆ ಪ್ರವೇಶ ಮಾಡಿತು. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು. ಯಾವುದೋ ಸಂಸ್ಥಾನದ ಹಿರಿಯ ರಾಣಿಯವರು ಶಾಸ್ತ್ರೋಕ್ತವಾಗಿ ಬರುತ್ತಿದ್ದಾರೆ ಅಂತ ಸುದ್ದಿ ಹಬ್ಬಿತು. ಕುದುರೆ ಮೇಲಿದ್ದ ದೊರೆಯೊಬ್ಬ ಟೋಪಿ ತೆಗೆದ. ಸಾಹೇಬರು ಬೇರೆ ದಾರಿ ಕಾಣದೆ ನಮ್ಮತ್ತೆಯ ಪರವಾಗಿ ತಲೆ ಬಾಗಿಸಿದರು. ಡ್ರೈವರ್ ಸೀಟಿನಲ್ಲಿ ಜಾರಿ ಜಾರಿ ಬರೀ ರುಮಾಲಾಗಿದ್ದ. ಪೊಲೀಸಿನವನು ಓಡಿಬಂದು ಕೇಳಿದ.

“ಗಾಡಿ ಕೆಟ್ಟಿದೆಯೇನಪ್ಪಾ?”

“ಗಾಡಿ ನೆಟ್ಟಗಿದೆ” ಅಂದ ಡ್ರೈವರ್. “ಕೆಟ್ಟಿರೋದು ನನ್ನ ಹಣೆಬರಹ.”

ಪೊರೆ ತೆಗೆದರು. ಕಟ್ಟು ಬಿಚ್ಚುವ ದಿನ ನಾವಿಬ್ಬರೂ ಮಂಚದ ಪಕ್ಕ ನಿಂತಿದ್ದೆವು. ದಪ್ಪ ಗಾಜಿನ ಕನ್ನಡಕ ಹಾಕಿದರು. ಅತ್ತೆ ರೆಪ್ಪೆ ಬಡಿದರು, ಮಗನನ್ನು ನೋಡಿದರು, “ಇದೇನೋ ಇಷ್ಟು ಸೊರಗಿದ್ದೀಯ?” ಅಂತ ನನ್ನ ಕಡೆ ತಿರುಗಿ ದುರುಗುಟ್ಟಿದರು. ನನಗೆ ಅಳು ಬಂತು. ಬೈಸಿಕೊಳ್ಳುವುದರಲ್ಲಿ ಅಷ್ಟು ಸುಖವಿದೆ ಅಂತ ಗೊತ್ತಿರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಸಾಹೇಬರು ನಮ್ಮನ್ನೆಲ್ಲ ಮೋಟಾರಿನಲ್ಲಿ ಕೂರಿಸಿಕೊಂಡು ಊಟಿ ತೋರಿಸಿದರು. ಈ ಸಲ ಎತ್ತು ಬೇಕು ಅನ್ನಲಿಲ್ಲ ಅತ್ತೆ. “ಈಗ ನನಗೇ ಕಣ್ಣು ಕಾಣುತ್ತಲ್ಲ, ನಾನೇ ನೋಡಿಕೊಳ್ತೀನಿ” ಅಂದರು. ಕೆರೆ ತೋರಿಸಿದರು, ಹೂದೋಟ ತೋರಿಸಿದರು. ಅತ್ತೆ “ಹೂಂ” ಅಂದರು, ಅಷ್ಟೇ. ಕೊನೆಗೆ ದೊಡ್ಡಬೆಟ್ಟ. ಮೋಟಾರು ಹೋಗುವಷ್ಟು ಹೋಗಿ, ಮಿಕ್ಕದ್ದನ್ನು ಕೈಹಿಡಿದು ನಡೆಸಿದೆವು. ನೆತ್ತಿಯಲ್ಲಿ ದೊರೆಗಳು, ದೊರೆಸಾನಿಯರು, ಮದರಾಸಿನವರು, ಬೊಂಬಾಯಿಯವರು, ಎಲ್ಲರೂ ಒಂದೇ ಕಡೆ ಮುಖ ಮಾಡಿ ಮೈಮರೆತು ನಿಂತಿದ್ದರು. ಮಂಜು ಸರಿಯಿತು. ಕೆಳಗೆ ಕಾಡು, ಬಯಲು, ಅದರಾಚೆ ಮೈಸೂರು ಸೀಮೆ, ಆಕಾಶದ ಅಂಚಿನವರೆಗೂ ಬಿಚ್ಚಿಕೊಂಡಿತು.

“ಇದನ್ನು ನೋಡೋಕೆ ಅಂತಲೇ ಸಮುದ್ರ ದಾಟಿ ಬರ್ತಾರೆ ಅಜ್ಜಿ” ಅಂದರು ಸಾಹೇಬರು, ಈ ಸಲವಾದರೂ ಒಂದು ಹೊಗಳಿಕೆ ಬಂದೀತು ಅಂತ. “ಅಗೋ, ಅಲ್ಲಿ ಬೆಳ್ಳಗೆ ಗೀರಿನ ಹಾಗೆ ಕಾಣುತ್ತಲ್ಲ, ಅದು ನಿಮ್ಮ ಮನೆ ಮುಂದಿನ ರಸ್ತೆ.”

ಅತ್ತೆ ಕನ್ನಡಕ ಸರ್ರನೆ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅಲ್ಲಿ ನಿಂತಿದ್ದ ಜನರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಅತ್ತೆಯ ಮುಖದಲ್ಲಿ ಅಯ್ಯೋ ಪಾಪ ಅನ್ನುವ ಭಾವ.

“ಶಿವಶಿವಾ! ಇಷ್ಟು ಜನ ಇಷ್ಟೊಂದು ಪಾಡುಪಟ್ಟು ಹತ್ತಿ ಬಂದು ನೋಡೋದು ನಮ್ಮ ಮಾವನಲ್ಲನಾ? ಕೆಳಗೇ ಒಂದು ಮಾತು ಹೇಳಿದ್ದರೆ, ಜಗಲಿ ಮೇಲೆ ಚಾಪೆ ಹಾಸಿ ಕೂರಿಸಿ, ಹತ್ತಿರದಿಂದಲೇ ತೋರಿಸಿ ಕಳಿಸ್ತಿದ್ದೆನಲ್ಲ!”